ಸಾವಯವ ಪ್ರಮಾಣಪತ್ರ: ಮೊದಲು ಹೊರದೇಶಕ್ಕೆ, ಆಮೇಲೆ ನಮಗೆ

ನಮ್ಮ ದೇಶದಲ್ಲಿ ಸಾವಯವ ಪ್ರಮಾಣಪತ್ರದ ನಿಯಮಗಳನ್ನು ಮೊದಲು ತಂದದ್ದು ಕೃಷಿ ಸಚಿವಾಲಯ ಅಲ್ಲ, ವಾಣಿಜ್ಯ ಸಚಿವಾಲಯ. 2001ರಲ್ಲಿ ಶುರುವಾದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ, ಅಂದರೆ ಎನ್‌ಪಿಒಪಿಯ ಉಸ್ತುವಾರಿ ಸಿಕ್ಕಿದ್ದು ಕೃಷಿ ರಫ್ತು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಅಪೆಡಾಗೆ. ಯುರೋಪಿನಲ್ಲಿ 1991ರಿಂದಲೇ ಸಾವಯವ ಆಹಾರಕ್ಕೆ ಕಾನೂನು ಇತ್ತು. ಅಲ್ಲಿಗೆ ಚಹಾ, ಸಾಂಬಾರ ಪದಾರ್ಥ ಕಳಿಸಬೇಕಾದರೆ ಅವರು ಒಪ್ಪುವ ಕಾಗದ ಬೇಕಿತ್ತು. 2006ರಲ್ಲಿ ನಮ್ಮ ಪದ್ಧತಿ ತಮ್ಮದಕ್ಕೆ ಸಮ ಎಂದು ಅವರು ಒಪ್ಪಿದರು. ಊರ ಸಂತೆಯಲ್ಲಿ ಸೊಪ್ಪು ಕೊಳ್ಳುವವರ ಯೋಚನೆ ಆಗ ಯಾರಿಗೂ ಇರಲಿಲ್ಲ.

ಲ್ಯಾಬಿನಲ್ಲಿ ಅಕ್ಕಿ ಪರೀಕ್ಷೆ ಮಾಡಿಸಿದರೆ ಪ್ರಮಾಣಪತ್ರ ಸಿಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಪರೀಕ್ಷೆಯೂ ಇರುತ್ತದೆ, ಆದರೆ ಮುಖ್ಯವಾಗಿ ನೋಡುವುದು ಬೆಳೆದ ರೀತಿಯನ್ನು. ತಪಾಸಣೆಗೆ ಬಂದವರು ಪಹಣಿ ನೋಡುತ್ತಾರೆ, ರೈತರು ಬರೆದಿಟ್ಟ ಪುಸ್ತಕ ತೆಗೆಸುತ್ತಾರೆ. ಬೀಜ ಎಲ್ಲಿಂದ ಬಂತು? ಕೊಟ್ಟಿಗೆ ಗೊಬ್ಬರ ಯಾವಾಗ ಹಾಕಿದ್ದು? ಎಷ್ಟು ಕ್ವಿಂಟಾಲ್ ಬೆಳೆಯಿತು, ಎಷ್ಟು ಮಾರಿದ್ದು? ಬೆಳೆದದ್ದಕ್ಕಿಂತ ಮಾರಿದ್ದು ಜಾಸ್ತಿ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಗೋದಾಮಿನ ಮೂಲೆಯಲ್ಲಿ ಯೂರಿಯಾ ಚೀಲ ಇದ್ದರೂ ಕಷ್ಟ. ಪಕ್ಕದ ಹೊಲದವರು ಹೊಡೆದ ಔಷಧಿ ಗಾಳಿಗೆ ಹಾರಿ ಬರದ ಹಾಗೆ ಬದುವಿನ ಬದಿಗೆ ಜಾಗ ಬಿಡಬೇಕು, ಇಲ್ಲವೇ ಬೇಲಿಗಿಡ ಬೆಳೆಸಬೇಕು.

ಇದು ನನಗೆ ಯಾವತ್ತೂ ಸರಿ ಅನಿಸಿಲ್ಲ. ಔಷಧಿ ಹೊಡೆಯುವವರು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಹೊಡೆಯದವರೇ ತಮ್ಮ ನೆಲ ಬಿಟ್ಟು, ಪುಸ್ತಕ ಬರೆದು, ಶುಲ್ಕವನ್ನೂ ಕಟ್ಟಬೇಕು.

ಕಾಯುವುದೂ ಅವರೇ. ರಾಗಿ, ಭತ್ತದಂಥ ಬೆಳೆಗೆ ಬಿತ್ತನೆಗೆ ಮುಂಚೆ 2 ವರ್ಷ, ಕಾಫಿ, ಅಡಿಕೆಯಂಥವಕ್ಕೆ ಕೊಯ್ಲಿಗೆ ಮುಂಚೆ 3 ವರ್ಷ ಹೊಲವನ್ನು ಸಾವಯವದಲ್ಲೇ ನಡೆಸಿರಬೇಕು. ಈ ಅವಧಿಯಲ್ಲಿ ಇಳುವರಿ ಕಡಿಮೆಯಾಗುವುದೇ ಹೆಚ್ಚು. ಸಾವಯವದ ಬೆಲೆಯಂತೂ ಇನ್ನೂ ಸಿಗುವುದಿಲ್ಲ. ಎರಡೆಕರೆ ಇರುವವರು ಈ ವರ್ಷಗಳನ್ನು ಹೇಗೆ ದಾಟಬೇಕು?

ಒಬ್ಬೊಬ್ಬರೇ ಮಾಡಿಸಿದರೆ ಖರ್ಚು ಭಾರಿ. ಅದಕ್ಕೇ ಗುಂಪು ಪ್ರಮಾಣನ ಬಂತು. ಗುಂಪಿನವರೇ ಎಲ್ಲ ಹೊಲ ನೋಡಿ ದಾಖಲೆ ಇಡುತ್ತಾರೆ, ಹೊರಗಿನ ಸಂಸ್ಥೆ ಕೆಲವನ್ನು ಮಾತ್ರ ಆರಿಸಿ ತಪಾಸಣೆ ಮಾಡುತ್ತದೆ. ಬಡ ರೈತರಿಗೆ ಇದರಿಂದ ಅನುಕೂಲವಾಯಿತು. ಆದರೆ ತಪಾಸಣೆ ಸಡಿಲವಾದರೆ ಮೋಸಕ್ಕೂ ದಾರಿ. ಅಷ್ಟರಲ್ಲಿ 2020ರಲ್ಲಿ ಭಾರತದಿಂದ ಯುರೋಪಿಗೆ ಹೋದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕಿತು. ಇದು ಹೊಲದಲ್ಲಿ ಹೊಡೆಯುವ ಔಷಧಿಯಲ್ಲ, ಕೊಯ್ಲಾದ ಮೇಲೆ ಕ್ರಿಮಿ ಕೊಲ್ಲಲು ಬಳಸುವ ಅನಿಲ. ಸಾವಯವ ಎಂದು ಹೋದ ಎಳ್ಳಿನಲ್ಲೂ ಅದು ಇತ್ತು. 2021ರ ಕೊನೆಗೆ ಯುರೋಪು ಇಲ್ಲಿನ 5 ಪ್ರಮಾಣನ ಸಂಸ್ಥೆಗಳನ್ನು ತನ್ನ ಪಟ್ಟಿಯಿಂದ ತೆಗೆಯಿತು. ಅದೇ ವರ್ಷದ ಆರಂಭದಲ್ಲಿ ಅಮೆರಿಕವೂ, ಅಪೆಡಾ ಮಾನ್ಯ ಮಾಡಿದ ಪ್ರಮಾಣನ ಸಂಸ್ಥೆಗಳನ್ನು ಒಪ್ಪುವ ತನ್ನ ಒಪ್ಪಂದ ಮುರಿದಿತ್ತು. ಯಾರದೋ ತಪ್ಪಿಗೆ ನಿಯತ್ತಾಗಿ ಬೆಳೆದವರೂ ಹೊಸ ಸಂಸ್ಥೆ, ಹೊಸ ಕಾಗದ ಅಂತ ಅಲೆಯಬೇಕಾಯಿತು.

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತ್ತು. ಮುಂದೆ ರಾಜ್ಯದ ಬೀಜ ಪ್ರಮಾಣನ ಸಂಸ್ಥೆಗೇ ಸಾವಯವ ಪ್ರಮಾಣನದ ಹೊಣೆಯೂ ಸೇರಿತು. ಕೇಂದ್ರ ಕೃಷಿ ಸಚಿವಾಲಯ 2011ರಲ್ಲಿ ಪಿಜಿಎಸ್ ಎಂಬ ಬೇರೆ ದಾರಿ ತೆರೆಯಿತು. ಇದರಲ್ಲಿ ಕನಿಷ್ಠ ಐದು ರೈತರು ಸೇರಿ ಗುಂಪು ಮಾಡಿಕೊಳ್ಳುತ್ತಾರೆ, ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿ ಕೊಡುತ್ತಾರೆ. ನನಗೆ ಈ ದಾರಿಯೇ ಹೆಚ್ಚು ಇಷ್ಟ. ಯಾರು ರಾತ್ರೋರಾತ್ರಿ ಔಷಧಿ ಹೊಡೆದರು ಅಂತ ಪಕ್ಕದ ಹೊಲದವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ, ಅಲ್ವಾ? ಇದು ರಫ್ತಿಗೆ ನಡೆಯುವುದಿಲ್ಲ, ನಮ್ಮ ಪೇಟೆಗೆ ಮಾತ್ರ.

ದೇಶದೊಳಗೆ ಮಾರುವ ಸಾವಯವ ಆಹಾರಕ್ಕೆ ಕಾನೂನು ಬಂದದ್ದು ಇನ್ನೂ ತಡವಾಗಿ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2017ರಲ್ಲಿ ನಿಯಮ ತಂದು ಎನ್‌ಪಿಒಪಿ, ಪಿಜಿಎಸ್ ಎರಡನ್ನೂ ಒಪ್ಪಿಕೊಂಡಿತು. ಪೊಟ್ಟಣದ ಮೇಲಿನ ‘ಜೈವಿಕ್ ಭಾರತ್’ ಗುರುತು ಆಗ ಬಂದದ್ದು. ತಾವೇ ಬೆಳೆದು ನೇರವಾಗಿ ಗಿರಾಕಿಗೆ ಮಾರುವ ಸಣ್ಣ ರೈತರಿಗೆ ಮಾತ್ರ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅಂಥವರ ಹತ್ತಿರ ಗುರುತು ಇಲ್ಲ ಎಂದ ಮಾತ್ರಕ್ಕೆ ಸುಮ್ನೆ ಅನುಮಾನ ಪಡಬೇಕಿಲ್ಲ. ಗೊಬ್ಬರ ಏನು ಹಾಕಿದಿರಿ, ಹುಳಕ್ಕೆ ಏನು ಮಾಡಿದಿರಿ ಅಂತ ಅವರನ್ನೇ ಕೇಳಬಹುದು.