ಎದುರು ಭಾಗ ಜಾಹೀರಾತು, ಹಿಂಭಾಗ ಕರಾರು

ಹಾಲಿನ ಬೂತಿನ ಮುಂದೆ ನಿಂತು "ಟೋನ್ಡ್ ಹಾಲು ಕೊಡಿ" ಎಂದು ಕೇಳುವವರು ಕಡಿಮೆ. "ಎರಡು ನೀಲಿ, ಒಂದು ಆರೆಂಜ್" ಅಂದರೆ ಸಾಕು, ನಂದಿನಿ ಪ್ಯಾಕೆಟ್ ಕೈಗೆ ಬರುತ್ತದೆ. ಪೊಟ್ಟಣ ವಿನ್ಯಾಸ ಮಾಡುವವರಿಗೆ ಬೇಕಾದದ್ದೂ ಇದೇ: ಹೆಸರು ಓದುವ ಮೊದಲೇ ಗಿರಾಕಿಯ ಕೈ ಮುಂದಕ್ಕೆ ಹೋಗಬೇಕು. ಬಣ್ಣಕ್ಕೆ ಓದು ಬೇಕಿಲ್ಲ. ಕನ್ನಡಕ ಮರೆತು ಬಂದವರಿಗೂ, ಅಂಗಡಿಯ ಹೊರಗಿನಿಂದಲೇ ಬೆರಳು ತೋರಿಸುವ ಮಗುವಿಗೂ ಅದು ಕಾಣುತ್ತದೆ. ಹೆಸರಾದ ಸೋಪನ್ನೋ ಚಹಾಪುಡಿಯನ್ನೋ ನಕಲು ಮಾಡುವವರು ಮೊದಲು ಕದಿಯುವುದು ಬಣ್ಣವನ್ನು. ಅದೊಂದು ಹೊಂದಿದರೆ ಹೆಸರಿನಲ್ಲಿ ಒಂದಕ್ಷರ ಬೇರೆಯಿದ್ದರೂ ಯಾರೂ ಗಮನಿಸುವುದಿಲ್ಲ.

ಬಣ್ಣದ ಮೇಲೆ ಚಿತ್ರ. ಬಿಸ್ಕತ್ತಿನ ಪೊಟ್ಟಣದ ಮೇಲೆ ಐದಾರು ಬಾದಾಮಿ ಹರಡಿವೆ, ಪಕ್ಕದಲ್ಲಿ ಹಾಲು ಚಿಮ್ಮುತ್ತಿದೆ ಅಂದುಕೊಳ್ಳಿ. ಹೀಗೆ ಚಿತ್ರದಲ್ಲೋ ಮಾತಿನಲ್ಲೋ ಒಂದು ಪದಾರ್ಥವನ್ನು ಎತ್ತಿ ತೋರಿಸಿದರೆ, ಅದು ಶೇಕಡಾ ಎಷ್ಟಿದೆ ಎಂದು ಲೇಬಲ್‌ನಲ್ಲಿ ಹೇಳಲೇಬೇಕೆಂಬುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮ. ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ಬಾದಾಮಿಯ ಪಕ್ಕ 0.5% ಅಂತಿದ್ದು, ಪೊಟ್ಟಣ 75 ಗ್ರಾಂನದಾಗಿದ್ದರೆ ಒಳಗಿರುವುದು 0.4 ಗ್ರಾಂಗೂ ಕಡಿಮೆ. ಒಂದು ಬಾದಾಮಿಯೇ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಅಂದರೆ ಇಡೀ ಪೊಟ್ಟಣಕ್ಕೆ ಮೂರನೇ ಒಂದು ಬಾದಾಮಿ! ಈ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಬಿಸ್ಕತ್ತಿನಲ್ಲಿ ಸಾಮಾನ್ಯವಾಗಿ ಮೈದಾ, ಸಕ್ಕರೆ, ಪಾಮ್ ಎಣ್ಣೆ ಮೊದಲು ಬರುತ್ತವೆ. ಮೈದಾಹಿಟ್ಟಿನ ಗುಡ್ಡೆಯ ಚಿತ್ರವನ್ನು ಮಾತ್ರ ಯಾರೂ ಹಾಕುವುದಿಲ್ಲ. ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಎಂದು ಸಿಹಿಯನ್ನು ಮೂರು ಹೆಸರುಗಳಿಗೆ ಹಂಚಿದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಓದುವಾಗ ಮೂರನ್ನೂ ಕೂಡಿಸಿಕೊಳ್ಳಬೇಕು.

ಇನ್ನು ಬೆಲೆ. ಐದು, ಹತ್ತು, ಇಪ್ಪತ್ತು ರೂಪಾಯಿಯ ಪೊಟ್ಟಣಗಳ ಬೆಲೆ ಏರುವುದು ಅಪರೂಪ. ಚಿಲ್ಲರೆಯ ರಗಳೆ ಇಲ್ಲದ ಆ ಬೆಲೆ ಗಿರಾಕಿಯ ತಲೆಯಲ್ಲಿ ಕೂತುಬಿಟ್ಟಿದೆ. ಆದ್ದರಿಂದ ಎಣ್ಣೆ, ಸಕ್ಕರೆ ತುಟ್ಟಿಯಾದಾಗ ಇಳಿಯುವುದು ತೂಕ. ಉದ್ಯಮದವರು ಅದನ್ನು ಗ್ರಾಮೇಜ್ ಅನ್ನುತ್ತಾರೆ. ತೂಕ ಇಳಿದರೂ ಪೊಟ್ಟಣ ಯಾಕೆ ಚಿಕ್ಕದಾಗುವುದಿಲ್ಲ ಎಂಬುದಕ್ಕೆ ಕಾರ್ಖಾನೆಯಲ್ಲೇ ಕಾರಣವಿದೆ. ಚಿಪ್ಸ್, ಕುರುಕಲು ತಿಂಡಿಗಳ ಫಿಲ್ಮ್ ಸಾಮಾನ್ಯವಾಗಿ ಗ್ರೇವ್ಯೂರ್ ವಿಧಾನದಲ್ಲಿ ಅಚ್ಚಾಗುತ್ತದೆ, ಒಂದೊಂದು ಬಣ್ಣಕ್ಕೆ ಒಂದೊಂದು ಕೆತ್ತಿದ ಸಿಲಿಂಡರ್. ಪೊಟ್ಟಣದ ಅಗಲವನ್ನು ನಿರ್ಧರಿಸುವುದು ತುಂಬುವ ಯಂತ್ರದ ಕಾಲರ್, ಅಂದರೆ ಫಿಲ್ಮನ್ನು ಕೊಳವೆಯಾಗಿ ಸುತ್ತುವ ಭಾಗ. ಅಳತೆ ಬದಲಿಸಬೇಕಾದರೆ ಎಲ್ಲ ಸಿಲಿಂಡರ್‌ಗಳನ್ನೂ ಮತ್ತೆ ಕೆತ್ತಿಸಿ, ಕಾಲರ್ ಕೂಡ ಬದಲಿಸಬೇಕು. 52 ಗ್ರಾಂ ಅನ್ನು 46 ಮಾಡಲು ಆ ಅಂಕಿ ಇರುವ ಒಂದು ಸಿಲಿಂಡರ್ ಬದಲಾದರೆ ಸಾಕು. ಖರ್ಚು ಉಳಿಯಿತು, ಗಿರಾಕಿಯ ಕಣ್ಣಿಗೆ ವ್ಯತ್ಯಾಸವೂ ಕಾಣಲಿಲ್ಲ. ಒಳಗಿನ ಸಾರಜನಕ ಚಿಪ್ಸ್ ಪುಡಿಯಾಗದಂತೆ, ಎಣ್ಣೆ ಕಮಟು ಹಿಡಿಯದಂತೆ ಕಾಯುತ್ತದೆ ಅನ್ನುವುದು ನಿಜ. ಆದರೆ ಪ್ರತಿ ಸಲ ತೂಕ ಇಳಿದಾಗಲೂ ಗಾಳಿಯ ಪಾಲು ಏರುತ್ತದೆ ಅನ್ನುವುದೂ ನಿಜ.

ತೂಕ ಮತ್ತು ಬೆಲೆ ಎರಡೂ ಒಟ್ಟಿಗೆ ಬದಲಾದರೆ ಲೆಕ್ಕ ಇನ್ನಷ್ಟು ತಪ್ಪುತ್ತದೆ. 2024ರ ಜೂನ್‌ನಲ್ಲಿ ನಂದಿನಿ ಹಾಲು ಮಾರುವ ಕೆಎಂಎಫ್ ಪ್ಯಾಕೆಟ್‌ಗೆ 50 ಮಿ.ಲೀ. ಹಾಲು ಸೇರಿಸಿ 2 ರೂ. ಏರಿಸಿತು, ನೀಲಿ ಪ್ಯಾಕೆಟ್ 1,050 ಮಿ.ಲೀ.ಗೆ 44 ರೂ. ಆಯಿತು. 2025ರ ಏಪ್ರಿಲ್‌ನಲ್ಲಿ ಅಳತೆ ಮತ್ತೆ ಒಂದು ಲೀಟರ್‌ಗೆ ಬಂತು, ಬೆಲೆ 46 ರೂ. ಏರಿಕೆ ಲೀಟರ್‌ಗೆ 4 ರೂ. ಎಂದು ಆಗ ಬಹಿರಂಗವಾಗಿಯೇ ಹೇಳಿದ್ದರು. ಆದರೂ ದಿನಾ ಹಾಲು ತರುವವರ ಕೈಗೆ ತಟ್ಟಿದ್ದು ಪ್ಯಾಕೆಟ್‌ಗೆ ಎರಡು ರೂಪಾಯಿ. ಉಳಿದದ್ದು ಹೋದ 50 ಮಿ.ಲೀ.ನಲ್ಲಿ ಅಡಗಿತ್ತು.

ಬಿಸ್ಕತ್ತು, ಚಹಾ, ಖಾದ್ಯ ತೈಲದಂಥ ವಸ್ತುಗಳನ್ನು ಇಂತಿಷ್ಟೇ ತೂಕದಲ್ಲಿ ಮಾರಬೇಕೆಂಬ ಪಟ್ಟಿಯೊಂದು 2011ರ ಪೊಟ್ಟಣ ಸರಕು ನಿಯಮಗಳಲ್ಲಿತ್ತು. 2021ರ ತಿದ್ದುಪಡಿ ಅದನ್ನು ತೆಗೆದುಹಾಕಿ, ಬದಲಿಗೆ ಯೂನಿಟ್ ಬೆಲೆ ಮುದ್ರಿಸುವುದನ್ನು ಕಡ್ಡಾಯ ಮಾಡಿತು: ಒಂದು ಕಿಲೋಗಿಂತ ಕಡಿಮೆಯಿದ್ದರೆ ಗ್ರಾಂಗೆ ಎಷ್ಟು, ಹೆಚ್ಚಿದ್ದರೆ ಕಿಲೋಗೆ ಎಷ್ಟು. ಒಳ್ಳೆಯ ನಿಯಮ, ಆದರೆ ಅಗ್ಗದ ಸಾಮಾನುಗಳಲ್ಲಿ ಮುಗ್ಗರಿಸುತ್ತದೆ. ಬೆಲೆಯನ್ನು ಎರಡು ದಶಮಾಂಶಕ್ಕೆ ಸರಿಹೊಂದಿಸುವುದರಿಂದ, ಅರ್ಧ ಕಿಲೋ ರವೆ 23 ರೂ. ಇದ್ದರೂ 27 ರೂ. ಇದ್ದರೂ ಪೊಟ್ಟಣದ ಮೇಲೆ ಬರುವುದು ಗ್ರಾಂಗೆ 0.05 ರೂ. ಎಂದೇ. ಕಿಲೋ ಲೆಕ್ಕದಲ್ಲಿ ಒಂದು 46, ಇನ್ನೊಂದು 54. ಕಾಫಿಪುಡಿ, ಗೋಡಂಬಿಯಂಥ ತುಟ್ಟಿ ಸಾಮಾನಿಗೆ ಯೂನಿಟ್ ಬೆಲೆ ನಂಬಬಹುದು. ರವೆ, ಉಪ್ಪು, ಅವಲಕ್ಕಿಗೆ ಮೊಬೈಲ್‌ನ ಕ್ಯಾಲ್ಕುಲೇಟರೇ ಗತಿ. ಬೆಲೆಯನ್ನು ಗ್ರಾಂನಿಂದ ಭಾಗಿಸಿ ಸಾವಿರದಿಂದ ಗುಣಿಸಿ.

ಅಡುಗೆ ಎಣ್ಣೆಯಲ್ಲಿ ಅಳತೆಯೇ ಎರಡು ಬಗೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದರ ಪಕ್ಕದಲ್ಲೇ ಅದೇ ಎತ್ತರದ 850 ಗ್ರಾಂ ಪೌಚ್ ಇರಬಹುದು. ಉದಾಹರಣೆಗೆ ಮೊದಲನೆಯದು 150 ರೂ., ಎರಡನೆಯದು 145 ರೂ. ಅಂದುಕೊಳ್ಳಿ. ಐದು ರೂಪಾಯಿ ಉಳಿಯಿತು ಅನ್ನಿಸುತ್ತದೆ. ಕಿಲೋ ಲೆಕ್ಕಕ್ಕೆ ಇಳಿದರೆ ಸುಮಾರು 165 ಮತ್ತು 171. ಒಂದರ ಮೇಲೆ ಮಿ.ಲೀ., ಇನ್ನೊಂದರ ಮೇಲೆ ಗ್ರಾಂ ಇದ್ದರೆ ಮಿ.ಲೀ. ಅನ್ನು 0.91ರಿಂದ ಗುಣಿಸಿ ಹೋಲಿಸಿ.

"20% ಹೆಚ್ಚು, ಉಚಿತ" ಅಂದರೆ 20% ರಿಯಾಯಿತಿ ಅಲ್ಲ, 16.7%. ಆ ಹೆಚ್ಚುವರಿ ಯಾವ ತೂಕದ ಮೇಲೆ ಎಂಬುದನ್ನೂ ನೋಡಿ. ಹೋದ ತಿಂಗಳಷ್ಟೇ ಇಳಿಸಿದ ತೂಕದ ಮೇಲಿರಬಹುದು.

ಪದಗಳಲ್ಲೂ ವಿನ್ಯಾಸವಿದೆ. 'ನ್ಯಾಚುರಲ್', 'ಪ್ಯೂರ್', 'ರಿಯಲ್' ಎಂಬಂಥ ಗುಣವಾಚಕ ಬ್ರಾಂಡ್ ಹೆಸರಿನಲ್ಲೇ ಸೇರಿದ್ದು ದಾರಿ ತಪ್ಪಿಸುವಂತಿದ್ದರೆ, ಇದು ಬರೀ ಹೆಸರು, ಪದಾರ್ಥದ ನಿಜಗುಣವಲ್ಲ ಎಂಬ ಸಾಲು ಕನಿಷ್ಠ 3 ಮಿ.ಮೀ. ಅಕ್ಷರದಲ್ಲಿ ಇರಬೇಕು; ಇದು ಎಫ್‌ಎಸ್‌ಎಸ್‌ಎಐನ 2018ರ ನಿಯಮ. ದೊಡ್ಡ ಅಕ್ಷರದ ಹೆಸರಿನ ಕೆಳಗೆ 3 ಮಿ.ಮೀ.ನ ಸಾಲು ಯಾರಿಗೆ ಕಾಣಬೇಕು? ನಕ್ಷತ್ರದ ಗುರುತು ಕಂಡಲ್ಲೆಲ್ಲ ಅದರ ಜೋಡಿ ಎಲ್ಲಿದೆ ಎಂದು ಹುಡುಕುವ ಅಭ್ಯಾಸ ಒಳ್ಳೆಯದು. ಹಣ್ಣಿನ ರಸವನ್ನು ಗಟ್ಟಿಮಾಡಿ, ಮತ್ತೆ ನೀರು ಬೆರೆಸಿದ ಪಾನೀಯಗಳ ಮೇಲಿಂದ '100% ಹಣ್ಣಿನ ರಸ' ಎಂಬ ಮಾತನ್ನು ತೆಗೆಯಲು ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಸೂಚಿಸಿತು.

ಕನ್ನಡ ಓದುಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಟಿವಿಯಲ್ಲಿ, ಗೋಡೆಯ ಮೇಲೆ, ಬಸ್ಸಿನ ಬೆನ್ನಿನ ಮೇಲೆ ಜಾಹೀರಾತು ಅಚ್ಚ ಕನ್ನಡದಲ್ಲಿ ಮಾತಾಡುತ್ತದೆ. ಆಹಾರದ ಲೇಬಲ್‌ಗೆ ಮಾತ್ರ ಕೇಂದ್ರದ ನಿಯಮ ಕೇಳುವುದು ಇಂಗ್ಲಿಷ್ ಅಥವಾ ಹಿಂದಿ; ಬೇರೆ ಭಾಷೆ ಬೇಕಿದ್ದರೆ ಸೇರಿಸಬಹುದು ಅಷ್ಟೇ. ಆಸೆ ಹುಟ್ಟಿಸುವುದು ನಮ್ಮ ಭಾಷೆಯಲ್ಲಿ, ಷರತ್ತು ಇನ್ನೊಂದರಲ್ಲಿ. ಜಾಹೀರಾತಿನ ವಿಷಯಕ್ಕೆ, ದಾರಿ ತಪ್ಪಿಸುವ ಜಾಹೀರಾತು ತಡೆಯುವ ಕೇಂದ್ರದ 2022ರ ಮಾರ್ಗಸೂಚಿ ಸ್ವಲ್ಪ ನೆರವಾಗುತ್ತದೆ: ಯಾವ ಭಾಷೆಯಲ್ಲಿ ಮಾತು ಕೊಟ್ಟರೋ ಅದೇ ಭಾಷೆಯಲ್ಲಿ, ಅದೇ ಫಾಂಟಿನಲ್ಲಿ ಷರತ್ತನ್ನೂ ಹೇಳಬೇಕು. ಕನ್ನಡ ಜಾಹೀರಾತಿನ ಅಡಿಯಲ್ಲಿ ಇಂಗ್ಲಿಷ್ ಷರತ್ತು ಓಡಿದರೆ ದೂರು ಕೊಡಲು ಅದೇ ಕಾರಣ ಸಾಕು.

ಗಿರಾಕಿಯ ಪರವಾಗಿ ನಿಂತ ವಿನ್ಯಾಸವೂ ಇದೆ. ಮೊದಲು ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಇತ್ತು. ಹಸಿರು-ಕೆಂಪು ಬಣ್ಣಗುರುಡು ಇರುವವರಿಗೆ ಎರಡೂ ಒಂದೇ ಥರ. ಈಗ ಚೌಕದೊಳಗಿನ ಕಂದು ಗುರುತು ತ್ರಿಕೋನವಾಗಿದೆ. ಬಣ್ಣ ತಿಳಿಯದಿದ್ದರೂ ಆಕಾರ ತಿಳಿಯುತ್ತದೆ.

ತೂಕದಲ್ಲಿ ಅನುಮಾನ ಬಂದರೆ ಪೊಟ್ಟಣ ಒಡೆಯಬೇಡಿ, ಒಡೆದದ್ದನ್ನು ತೂಗಿದರೆ ದೂರು ನಿಲ್ಲುವುದಿಲ್ಲ. ಎದುರು, ಹಿಂಭಾಗ ಮತ್ತು ಬ್ಯಾಚ್ ಸಂಖ್ಯೆ ಮೂರರ ಫೋಟೊ ತೆಗೆದು, ಬಿಲ್ಲಿನೊಂದಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕೊಡಿ. ದಾರಿ ತಪ್ಪಿಸುವ ಮಾತಿನ ಬಗ್ಗೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.