ಎಂಜಲಿನ ಸಾಕ್ಷಿ, ಕಡತದ ಸಾಕ್ಷಿ

ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್, ತನ್ನ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಹೆತ್ತ ಮಕ್ಕಳಿಗೆ ತಂದೆಯೇ? ಹೌದೆಂದು ಆಕೆಯ ಮಗ ಮ್ಯಾಡಿಸನ್ 1873ರಲ್ಲೇ ಪತ್ರಿಕೆಯೊಂದಕ್ಕೆ ಹೇಳಿದ್ದ. ಬಹುಪಾಲು ಇತಿಹಾಸಕಾರರು ಆ ಮಾತಿಗೆ ಕಿವಿಗೊಡಲಿಲ್ಲ. ಜೆಫರ್ಸನ್ ಮನೆತನದವರು ಬೊಟ್ಟು ಮಾಡಿದ್ದು ಅವನ ತಂಗಿಯ ಮಕ್ಕಳಾದ ಕಾರ್ ಸೋದರರ ಕಡೆಗೆ. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ ಈ ವಾದದ ದಿಕ್ಕೇ ಬದಲಾಯಿತು.

ಆ ಪರೀಕ್ಷೆಗೆ ಬಳಸಿದ್ದು ವೈ ವರ್ಣತಂತು. ಅದು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ದಾಟುತ್ತದೆ. ಜೆಫರ್ಸನ್‌ನ ಹೆಂಡತಿಯ ಮಕ್ಕಳಲ್ಲಿ ದೊಡ್ಡವರಾಗಿ ಬೆಳೆದವರು ಹೆಣ್ಣುಮಕ್ಕಳು ಮಾತ್ರ. ಹಾಗಾಗಿ ಅವನ ಚಿಕ್ಕಪ್ಪ-ದೊಡ್ಡಪ್ಪಂದಿರ ಕವಲನ್ನು ಹುಡುಕಿ, ಆ ಗಂಡುಸಂತತಿಯ ಮಾದರಿ ತೆಗೆದುಕೊಳ್ಳಬೇಕಾಯಿತು. ಸ್ಯಾಲಿಯ ಕಿರಿಯ ಮಗ ಎಸ್ಟನ್‌ನ ವಂಶದವರ ವೈ ವರ್ಣತಂತು ಅದಕ್ಕೆ ಹೊಂದಿತು. ಕಾರ್ ಸೋದರರ ವಂಶದ್ದು ಹೊಂದಲಿಲ್ಲ. ತಾವೂ ಜೆಫರ್ಸನ್‌ನ ಸಂತತಿ ಎಂದು ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದ ವುಡ್ಸನ್ ಮನೆತನದ್ದೂ ಹೊಂದಲಿಲ್ಲ.

ಆದರೆ ಅದೇ ವೈ ವರ್ಣತಂತು ಜೆಫರ್ಸನ್‌ನ ತಮ್ಮ ರ‍್ಯಾಂಡಾಲ್ಫ್‌ನಲ್ಲೂ ಇತ್ತು, ಆ ಕವಲಿನ ಇತರ ಗಂಡಸರಲ್ಲೂ ಇತ್ತು. ತಂದೆ ಈ ಮನೆತನದವನು ಎಂದಷ್ಟೇ ಪರೀಕ್ಷೆ ಹೇಳಿತು. ಇಂಥವನೇ ಎಂದು ಹೇಳುವುದು ಅದರ ಕೈಲಿರಲಿಲ್ಲ. ಆ ಕೊನೆಯ ಹೆಜ್ಜೆಗೆ ಮತ್ತೆ ಕಾಗದಪತ್ರಗಳೇ ಬೇಕಾದವು. ಸದಾ ಊರೂರು ಸುತ್ತುತ್ತಿದ್ದ ಜೆಫರ್ಸನ್, ಸ್ಯಾಲಿ ಗರ್ಭ ಧರಿಸಿದ ಪ್ರತಿ ಸಲವೂ ಮಾಂಟಿಸೆಲ್ಲೊದ ತನ್ನ ಮನೆಯಲ್ಲೇ ಇದ್ದ ಎಂಬುದು ದಾಖಲೆಗಳಿಂದ ಗೊತ್ತಾಗುತ್ತದೆ. ಎರಡು ಸಾಕ್ಷಿಗಳೂ ಒಂದೇ ಕಡೆ ಬೆರಳು ತೋರಿಸಿದ ಮೇಲೆಯೇ ಮ್ಯಾಡಿಸನ್‌ನ ಹಳೆಯ ಮಾತಿಗೆ ಬೆಲೆ ಬಂತು. ಡಿಎನ್‌ಎ ಪರೀಕ್ಷೆಯಿಂದ ಮನೆತನದ ಚರಿತ್ರೆಗೆ ಏನು ಲಾಭ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ತಾಯಿಯ ಕಡೆಯ ಸಾಲಿಗೆ ಇಂಥದೇ ಇನ್ನೊಂದು ದಾರವಿದೆ: ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಭಾಗದ ಡಿಎನ್‌ಎ. 16,569 ಅಕ್ಷರಗಳ ಈ ಪುಟ್ಟ ಬರಹ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದಕ್ಕೆ ದಾಟಿಸುವವರು ಹೆಣ್ಣುಮಕ್ಕಳು ಮಾತ್ರ. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ನಡೆದ ಸೇನಾಡಳಿತ ಸಾವಿರಾರು ಜನರನ್ನು ಕಾಣೆಯಾಗಿಸಿತು. ಅವರ ಎಳೆಮಕ್ಕಳನ್ನು ಬೇರೆಯವರ ಮಡಿಲಿಗೆ ಹಾಕಿತು. ಆ ಮಕ್ಕಳ ಅಜ್ಜಿಯರು ಬೀದಿಗಿಳಿದರು. ತಂದೆತಾಯಿಯೇ ಇಲ್ಲದಿರುವಾಗ ಮಗುವನ್ನು ಯಾರೊಂದಿಗೆ ಹೋಲಿಸುವುದು? ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಮತ್ತು ಸಹೋದ್ಯೋಗಿಗಳು ಅಜ್ಜ-ಅಜ್ಜಿಯರ ಮಾದರಿಯಿಂದಲೇ ಮೊಮ್ಮಕ್ಕಳನ್ನು ಗುರುತಿಸುವ ದಾರಿ ಕಂಡುಕೊಂಡರು, ಅದಕ್ಕೆ ತಾಯಿಯ ತಾಯಿಯಿಂದ ಇಳಿದುಬರುವ ಮೈಟೊಕಾಂಡ್ರಿಯಾ ಬಲ ತಂದಿತು. 130ಕ್ಕೂ ಹೆಚ್ಚು ಮೊಮ್ಮಕ್ಕಳ ಗುರುತು ಈವರೆಗೆ ಪತ್ತೆಯಾಗಿದೆ. ಈ ವಿಜ್ಞಾನದಿಂದ ಇದಕ್ಕಿಂತ ದೊಡ್ಡ ಉಪಕಾರವಾದದ್ದನ್ನು ನಾನು ಕಾಣೆ.

ಇಂದು ಜನ ತಮ್ಮ ವಂಶದ ಬಗ್ಗೆ ತಿಳಿಯಲು ಎಂಜಲು ತುಂಬಿ ಡಿಎನ್‌ಎ ಪರೀಕ್ಷಿಸುವ ಕಂಪನಿಗೆ ಅಂಚೆಯಲ್ಲಿ ಕಳಿಸುವ ಕೊಳವೆಯಿಂದ ಮುಖ್ಯವಾಗಿ ಓದುವುದು ಉಳಿದ 22 ಜೋಡಿ ವರ್ಣತಂತುಗಳನ್ನು. ಇಲ್ಲಿ ಎರಡೂ ಕಡೆಯ ಪೂರ್ವಜರ ತುಣುಕುಗಳು ಬೆರೆತಿರುತ್ತವೆ. ಇಬ್ಬರಲ್ಲಿ ಒಂದೇ ಬಗೆಯ ತುಣುಕುಗಳು ಎಷ್ಟಿವೆ ಎಂಬುದನ್ನು ಸೆಂಟಿಮಾರ್ಗನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ತಾಯಿ-ಮಗುವಿನ ನಡುವೆ ಸುಮಾರು 3,400. ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳ ನಡುವೆ ಸರಾಸರಿ 850ರ ಆಸುಪಾಸು, ಒಂದೇ ಮುತ್ತಜ್ಜ-ಮುತ್ತಜ್ಜಿಯ ಮರಿಮಕ್ಕಳ ನಡುವೆ 230ರಷ್ಟು. ಇನ್ನೂ ಒಂದು ತಲೆಮಾರು ಆಚೆಯ ನಂಟರಲ್ಲಿ ಹತ್ತಕ್ಕೆ ಒಂದು ಜೋಡಿಯಲ್ಲಿ ಗುರುತಿಸುವಂಥ ತುಣುಕೇ ಸಿಗುವುದಿಲ್ಲ. ನಂಟು ನಿಜ, ಕುರುಹು ಮಾತ್ರ ಅಳಿಸಿಹೋಗಿದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ 1,024 ಪೂರ್ವಜರ ಜಾಗಗಳಿವೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಒಂದು ತುಣುಕೂ ನಮ್ಮ ಮೈಯಲ್ಲಿ ಉಳಿದಿರುವುದಿಲ್ಲ. ಇದನ್ನು ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ಸಂಕಟವಾಗಿತ್ತು.

ಸಂಖ್ಯೆ ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. 1,750 ಸೆಂಟಿಮಾರ್ಗನ್ ಹೊಂದಿಕೆ ಅಜ್ಜಿ-ಮೊಮ್ಮಗಳದಿರಬಹುದು, ಸೋದರತ್ತೆ ಮತ್ತು ಅಣ್ಣನ ಮಗಳದಿರಬಹುದು, ತಂದೆ ಒಬ್ಬನೇ ಆಗಿ ತಾಯಂದಿರು ಬೇರೆಯಾದ ಅಕ್ಕತಂಗಿಯರದೂ ಇರಬಹುದು. ವಯಸ್ಸು, ಊರು, ಜನನ-ಮರಣದ ದಾಖಲೆ ನೋಡಿಯೇ ತೀರ್ಮಾನಿಸಬೇಕು. ತಲೆತಲಾಂತರದಿಂದ ತಮ್ಮತಮ್ಮಲ್ಲೇ ಮದುವೆಯಾಗುತ್ತ ಬಂದವರಲ್ಲಿ ಒಂದೇ ನಂಟು ನಾಲ್ಕಾರು ದಾರಿಯಲ್ಲಿ ಬಂದು, ದೂರದವರೂ ಹತ್ತಿರದವರಂತೆ ತೋರುತ್ತಾರೆ. ಪರೀಕ್ಷೆ ಮಾಡಿಸುವುದಾದರೆ ಮನೆಯ ಅತಿ ಹಿರಿಯರಿಂದ, ಅವರು ಒಪ್ಪಿದರೆ, ಶುರುಮಾಡುವುದು ಒಳ್ಳೆಯದು. ಅವರಲ್ಲಿರುವುದರಲ್ಲಿ ಅರ್ಧ ಮಾತ್ರ ಮಕ್ಕಳಿಗೆ ಬಂದಿರುತ್ತದೆ.

ಇಂತಿಂಥ ಜನಾಂಗ ಶೇಕಡಾ ಇಷ್ಟಿಷ್ಟು ಎಂದು ಬಣ್ಣದ ನಕಾಶೆಯಲ್ಲಿ ಬರುವ ಭಾಗಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅದು ಆ ಕಂಪನಿಯ ಬಳಿ ಇರುವ ಮಾದರಿಗಳೊಂದಿಗೆ ಮಾಡಿದ ಹೋಲಿಕೆ. ಕಂಪನಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಒಬ್ಬರ ಮಾದರಿ ಇಡೀ ಬಳಗದ ಗುಟ್ಟನ್ನು ಹೊತ್ತಿರುತ್ತದೆ ಎಂಬುದನ್ನು ಮಾತ್ರ ಕೊಳವೆ ಮುಚ್ಚುವ ಮೊದಲು ಯೋಚಿಸಬೇಕು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2012ರಲ್ಲಿ ಕಾರು ನಿಲ್ಲಿಸುವ ಜಾಗದಡಿ ಸಿಕ್ಕ ಅಸ್ಥಿಪಂಜರ ಮೂರನೆಯ ರಿಚರ್ಡ್ ದೊರೆಯದೇ ಎಂದು ತೋರಿಸಲು ನೆರವಾದದ್ದು ಅವನ ಅಕ್ಕನ ಹೆಣ್ಣುಸಂತತಿಯ ಮೈಟೊಕಾಂಡ್ರಿಯಾ. ಗಂಡುಸಾಲನ್ನೂ ನೋಡೋಣವೆಂದು, ದೊರೆಯ ಮುತ್ತಾತನ ಅಪ್ಪ ಮೂರನೆಯ ಎಡ್ವರ್ಡ್‌ನಿಂದ ಇಳಿದುಬಂದವರೆಂದು ದಾಖಲೆಯಿದ್ದ ಐವರನ್ನು ಪರೀಕ್ಷಿಸಿದರು. ಯಾರದ್ದೂ ದೊರೆಯ ವೈ ವರ್ಣತಂತುವಿಗೆ ಹೊಂದಲಿಲ್ಲ. ನಡುವಿನ ಶತಮಾನಗಳಲ್ಲಿ ಎಲ್ಲೋ ಒಂದು ಕಡೆ ಕಾಗದದ ತಂದೆ ನಿಜವಾದ ತಂದೆಯಾಗಿರಲಿಲ್ಲ. ಐವರಲ್ಲಿ ನಾಲ್ವರದ್ದು ಪರಸ್ಪರ ಹೊಂದಿತು, ಐದನೆಯವರದ್ದು ಅದೂ ಇಲ್ಲ. ಅವರ ಸಾಲು ಕಡಿದದ್ದು ಕಳೆದ ನಾಲ್ಕು ತಲೆಮಾರುಗಳ ಒಳಗೆ.