ಎರಡೂ ಪಕ್ಕ ಗೋಡೆಯೇ ಇದ್ದರೆ ಬೆಳಕು, ಗಾಳಿ ಎಲ್ಲಿಂದ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 20×40 ಸೈಟು. ಎರಡೂ ಪಕ್ಕದವರು ಗೋಡೆಗೆ ಗೋಡೆ ತಾಗಿಸಿ ಕಟ್ಟಿದ್ದಾರೆ. ಹಗಲು ಲೈಟು ಹಾಕದೆ, ಎಸಿ ಇಲ್ಲದೆ ವಾಸ ಮಾಡುವಂಥ ಎರಡಂತಸ್ತಿನ ಮನೆ ಇಲ್ಲಿ ಆಗುತ್ತದೆಯೇ?

ಉತ್ತರ: ಆಗುತ್ತದೆ. ಮೊದಲು ಮೆಟ್ಟಿಲು ಎಲ್ಲಿ ಬರಬೇಕೆಂದು ತೀರ್ಮಾನಿಸಿ, ಕಿಟಕಿಯ ಮಾತು ಆಮೇಲೆ.

ಲೆಕ್ಕ ಸರಳ. ಕಿಟಕಿಯ ಲಿಂಟಲ್, ಅಂದರೆ ಕಿಟಕಿಯ ನೆತ್ತಿಯ ತೊಲೆ, ಎಷ್ಟು ಎತ್ತರದಲ್ಲಿದೆಯೋ ಸುಮಾರು ಅದರ ಎರಡು ಪಟ್ಟು ದೂರಕ್ಕೆ ಒಳ್ಳೆಯ ಬೆಳಕು ಬರುತ್ತದೆ. ಲಿಂಟಲ್ 7 ಅಡಿಗಿದ್ದರೆ ಮುಂದಿನಿಂದ 14, ಹಿಂದಿನಿಂದ 14 ಅಡಿ. ಹಿಂದೆ ಮುಂದೆ ಜಾಗ ಬಿಟ್ಟ ಮೇಲೆ ಮನೆಯ ಉದ್ದ 34-35 ಅಡಿ ಉಳಿಯುತ್ತದೆ ಎಂದುಕೊಳ್ಳಿ. ನಟ್ಟನಡುವಿನ ಆರೇಳು ಅಡಿ ಕತ್ತಲೆ. ಸಾಮಾನ್ಯವಾಗಿ ಅಲ್ಲಿ ಪೂಜಾಕೋಣೆಯೋ ಬಾತ್‌ರೂಮೋ ತುರುಕಿ, ಮೆಟ್ಟಿಲನ್ನು ಬೆಳಕಿರುವ ಮುಂಭಾಗಕ್ಕೆ ತಂದು ಹಾಕುತ್ತೇವೆ. ಅದನ್ನು ಅದಲುಬದಲು ಮಾಡಿ. ಆ ಆರೇಳು ಅಡಿ ಎರಡು ಮಡಿಕೆಯ ಮೆಟ್ಟಿಲಿಗೆ ಸರಿಯಾಗಿ ಸಾಕು, ಅದರ ನೆತ್ತಿಯಿಂದ ಎರಡೂ ಅಂತಸ್ತಿಗೆ ಬೆಳಕು ಇಳಿಯುತ್ತದೆ. ಅಗ್ರಹಾರದ ಅಂಟುಗೋಡೆ ಮನೆಗಳಲ್ಲಿ ಮುಂದೆ ಜಗಲಿ, ಹಿಂದೆ ಹಿತ್ತಲು, ನಡುವೆ ತೊಟ್ಟಿ ಇದ್ದದ್ದೂ ಇದೇ ಕಾರಣಕ್ಕೆ. ವಾಸ್ತು ನೋಡುವವರು ಬ್ರಹ್ಮಸ್ಥಾನದಲ್ಲಿ, ಅಂದರೆ ಮನೆಯ ನಟ್ಟನಡುವೆ, ಮೆಟ್ಟಿಲು ಬೇಡ ಎಂದರೆ ಜಗಳವಾಡಬೇಡಿ. ಮೆಟ್ಟಿಲನ್ನು ಒಂದು ಪಕ್ಕದ ಗೋಡೆಗೆ ಒತ್ತರಿಸಿ ನಡುವೆ ಖಾಲಿ ಬಿಡಿ. ನಿಮಗೂ ಅವರಿಗೂ ಬೇಕಾದದ್ದು ಅಲ್ಲಿ ಆಕಾಶ ಕಾಣುವುದಷ್ಟೇ.

ಆದರೆ ಮೇಲೆ ಗಾಜನ್ನು ಮಲಗಿಸಬೇಡಿ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಮಧ್ಯಾಹ್ನದ ಸೂರ್ಯ ನೇರ ತಲೆಯ ಮೇಲಿರುತ್ತಾನೆ. ಪಾಲಿಕಾರ್ಬೊನೇಟ್ ಶೀಟು ಹೊದಿಸಿದ ಮೆಟ್ಟಿಲಮನೆ ಬೇಸಿಗೆಯಲ್ಲಿ ಒಲೆಯಾಗುತ್ತದೆ. ಮೆಟ್ಟಿಲ ನೆತ್ತಿಯ ಹೆಡ್‌ರೂಮನ್ನು ಮೂರು ಅಡಿ ಎತ್ತರಿಸಿ, ಉತ್ತರಕ್ಕೆ ಮುಖ ಮಾಡಿದ ನೇರ ಗಾಜು ಕೂರಿಸಿ, ಮೇಲೊಂದು ಸಜ್ಜ ಕೊಡಿ. ಅದರ ಪಕ್ಕದಲ್ಲೇ ಮಳೆ ಎರಚದ ಲೂವರ್, ಅಂದರೆ ಓರೆ ಪಟ್ಟಿಗಳ ಕಿಂಡಿ, ಇರಲಿ.

ಗಾಳಿ ಹೊರಹೋಗುವ ದಾರಿ ಆ ಲೂವರ್. ಬಿಸಿಗಾಳಿ ಮೇಲೇರುತ್ತದೆ, ಕೆಳಗಿನ ಕಿಟಕಿಯಿಂದ ಹೊಸ ಗಾಳಿ ಒಳಬರುತ್ತದೆ. ಎತ್ತರ ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಮೇಲಿನ ಕಿಂಡಿ ಚಿಕ್ಕದಾದರೆ ಕೆಳಗೆ ಎಷ್ಟು ದೊಡ್ಡ ಕಿಟಕಿ ಇಟ್ಟರೂ ಸೆಳೆತ ಕುಂಟುತ್ತದೆ. ಮಲಗುವಾಗ ಕೋಣೆಯ ಬಾಗಿಲು ಹಾಕುತ್ತೀರಲ್ಲ, ಹಾಗಾಗಿ ಬಾಗಿಲ ಮೇಲೊಂದು ವೆಂಟಿಲೇಟರ್ ಬೇಕೇ ಬೇಕು. ಹಳೆಯ ಮನೆಗಳಲ್ಲಿ ಇದ್ದೇ ಇರುತ್ತಿತ್ತು, ಫಾಲ್ಸ್ ಸೀಲಿಂಗ್ ಬಂದ ಮೇಲೆ ಮಾಯವಾಯಿತು.

ಇನ್ನು ಕಿಟಕಿ. ವಸತಿ ಕಟ್ಟಡಗಳ ಇಂಧನ ಸಂಹಿತೆಯಾದ ಇಕೋ ನಿವಾಸ್ ಸಂಹಿತಾ 2018 ಬೆಂಗಳೂರಿನಂಥ ಸಮಶೀತೋಷ್ಣ ಹವೆಗೆ ನೆಲದ ವಿಸ್ತೀರ್ಣದ 12.5 ಶೇಕಡಾ ತೆರೆಯುವ ಕಿಂಡಿ ಇರಬೇಕೆನ್ನುತ್ತದೆ. ಅದು ಅನ್ವಯಿಸುವುದು 500 ಚದರ ಮೀಟರ್‌ಗಿಂತ ಚಿಕ್ಕದಲ್ಲದ ಸೈಟುಗಳಿಗೆ, ನಿಮಗೆ ಕಡ್ಡಾಯವಿಲ್ಲ. ಅಳತೆಗೋಲಾಗಿ ಮಾತ್ರ ಚೆನ್ನಾಗಿದೆ. 10×12ರ ಕೋಣೆಗೆ 15 ಚದರ ಅಡಿ ತೆರೆಯಬೇಕು. 5×4ರ ಕಿಟಕಿ, ಅಂದರೆ 20 ಚದರ ಅಡಿ, ಧಾರಾಳವಾಯಿತು ಅನ್ನಿಸುತ್ತದೆ. ಆದರೆ ಎರಡು ಹಲಗೆಯ ಸ್ಲೈಡಿಂಗ್ ಆದರೆ ಅರ್ಧ ಮಾತ್ರ ತೆರೆಯುತ್ತದೆ, ಸಿಗುವುದು 10. ಕೀಲಿನ ಬಾಗಿಲಿನದಾದರೆ ಸುಮಾರು 18. ಸೊಳ್ಳೆ ಪರದೆ ಅದರಲ್ಲೂ ಪಾಲು ಕೇಳುತ್ತದೆ. ಆದರೂ ಪರದೆ ಬಿಡಬೇಡಿ, ಯಾಕೆಂದರೆ ಬೆಂಗಳೂರಿನಲ್ಲಿ ಸಂಜೆ ಆರಕ್ಕೆ ಕಿಟಕಿ ಮುಚ್ಚಿಸುವುದು ಸೊಳ್ಳೆಯೇ. ಇಲ್ಲಿನ ಏಪ್ರಿಲ್ ಹಗಲು 34 ಡಿಗ್ರಿ ಮುಟ್ಟಿದರೂ ರಾತ್ರಿ 22ರ ಆಸುಪಾಸಿಗೆ ಇಳಿಯುತ್ತದೆ; ರಾತ್ರಿಯಿಡೀ ತೆರೆದಿಟ್ಟ ಮನೆಯ ಗೋಡೆಗಳು ಆ ತಂಪನ್ನು ಮರುದಿನ ಮಧ್ಯಾಹ್ನದವರೆಗೂ ಉಳಿಸಿಕೊಳ್ಳುತ್ತವೆ.

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮುಗಿದ ನಾಲ್ಕು ಸಾಲುಮನೆಗಳಿಂದ ತೀರಾ ಕಡಿಮೆ ಇಂಧನದಲ್ಲಿ ಮನೆ ನಡೆಸುವ ಪ್ಯಾಸಿವ್ ಹೌಸ್ ಪದ್ಧತಿ ಶುರುವಾಯಿತು. ಅದರ ವಿಡಿಯೊ ನೋಡಿ ನಿಮ್ಮ ಮನೆಯನ್ನೂ ಹಾಗೇ ಗಾಳಿಯಾಡದಂತೆ ಬಿಗಿಯಬೇಡಿ. ಅಲ್ಲಿಯ ಚಿಂತೆ ಚಳಿಗಾಲದ ಬಿಸಿ ಸೋರದಿರುವುದು, ಹೊಸ ಗಾಳಿಗೆ ಯಂತ್ರವಿದೆ.

ಪಕ್ಕದವರ ಗೋಡೆಗಳ ಬಗ್ಗೆ ಬೇಸರ ಬೇಡ, ನಿಮ್ಮ ಎರಡು ಬದಿಗೆ ಬಿಸಿಲೇ ತಾಗದಂತೆ ಅವರು ಕಾಯುತ್ತಿದ್ದಾರೆ. ಬಿಸಿ ಬರುವುದು ತಾರಸಿಯಿಂದ. ಗ್ರಾನೈಟಿಗೆ ಎತ್ತಿಟ್ಟ ಹಣದಲ್ಲಿ ಒಂದು ಪಾಲು ತೆಗೆದು ಅಲ್ಲಿ ಬಿಳಿ ಟೈಲ್ಸ್ ಹಾಕಿಸಿ.